ಕಕ್ಕಬ್ಬೆಯ ಮೇಲಿನ ಮನೆ: ನಿವೃತ್ತಿಯ ನಂತರ ಕೊಡಗಿಗೆ ಹೊರಟವರ ಒಂದು ಪ್ರಕರಣ

ಅವರು ನನ್ನ ಬಳಿಗೆ ಬಂದದ್ದು 2023ರ ಡಿಸೆಂಬರ್‌ನಲ್ಲಿ, ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿ ಮುಗಿದ ಮೇಲೆ. ಗಂಡನಿಗೆ 64, ಹೆಂಡತಿಗೆ 60. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಸ್ವಂತ ಮನೆ, ಪುಣೆಯಲ್ಲಿ ಕೆಲಸದಲ್ಲಿರುವ ಒಬ್ಬಳೇ ಮಗಳು. ಅವರು ಖಾಸಗಿ ಕಾರ್ಖಾನೆಯೊಂದರಿಂದ ನಿವೃತ್ತರಾದವರು, ಆಕೆ ಅನುದಾನಿತ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವರು. ಕೈಯಲ್ಲೊಂದು ಫೈಲು. ಫೈಲಿನೊಳಗೆ ಕಕ್ಕಬ್ಬೆಯ ಮೇಲಿನ ಮೂರೂವರೆ ಎಕರೆ ಕಾಫಿ ತೋಟದ ಪಹಣಿ, ಅದರಲ್ಲಿರುವ ಹಂಚಿನ ಮನೆಯ ಹದಿನಾಲ್ಕು ಫೋಟೋ. ಹದಿನಾಲ್ಕರಲ್ಲೂ ಬಿಸಿಲಿತ್ತು.

ನಾನು ಬ್ಯಾಂಕಿನ ಕೃಷಿ ಸಾಲದ ವಿಭಾಗದಲ್ಲಿ ದುಡಿದವನು. ಇಪ್ಪತ್ತೆರಡು ವರ್ಷ ಈ ಜಿಲ್ಲೆಯ ತೋಟಗಳ ಕಾಗದ ಓದಿದ್ದೇನೆ, ಜೀಪು ಹತ್ತದ ಕಡೆ ನಡೆದು ಹೋಗಿ ಗಡಿ ನೋಡಿದ್ದೇನೆ. ಈಗ ಮೂರ್ನಾಡಿನಲ್ಲಿ ವಾಸ. ಇಂತಹ ದಂಪತಿಗಳು ವರ್ಷಕ್ಕೆ ಎರಡು ಮೂರು ಬಾರಿಯಾದರೂ ಯಾರದೋ ಪರಿಚಯ ಹಿಡಿದು ಬರುತ್ತಾರೆ. ಹೆಚ್ಚಿನವರು ತೀರ್ಮಾನ ಮಾಡಿಕೊಂಡೇ ಬಂದಿರುತ್ತಾರೆ. ನಾನು ತಲೆಯಾಡಿಸಿದರೆ ಅವರ ಕೆಲಸ ಮುಗಿಯಿತು. ಇವರ ಪ್ರಕರಣವನ್ನೇ ಬರೆಯಲು ಕಾರಣ ಇಷ್ಟೆ: ಇವರು ಒಂದು ಪೂರ್ತಿ ಮಳೆಗಾಲ ಅಲ್ಲಿದ್ದು ನೋಡಿದರು, ನೋಡಿದ್ದನ್ನು ಬರೆದಿಟ್ಟರು, ಬರೆದದ್ದನ್ನು ನನಗೆ ಓದಲು ಕೊಟ್ಟರು. ಗುರುತು ಹತ್ತುವಂತಹ ವಿವರಗಳನ್ನು ಕೈಬಿಟ್ಟಿದ್ದೇನೆ.

ಅವರ ಕಾರಣಗಳು

ಗಂಡನ ಕಾರಣ ಹಳೆಯದು. ಅವರ ಸೋದರಮಾವ ನಾಪೋಕ್ಲಿನಲ್ಲಿ ಶಾಲಾ ಮಾಸ್ತರರಾಗಿದ್ದರು. 1970ರ ಸುಮಾರಿನ ಬೇಸಿಗೆ ರಜೆಗಳೆಲ್ಲ ಅಲ್ಲೇ ಕಳೆದಿದ್ದವು. ಕಕ್ಕಬ್ಬೆಯ ಜೇನು, ಬುಟ್ಟಿಗಟ್ಟಲೆ ಕಿತ್ತಳೆ, ಪಾಡಿ ಇಗ್ಗುತ್ತಪ್ಪನ ಗುಡಿಗೆ ಗುಡ್ಡ ಹತ್ತಿ ಹೋದದ್ದು, ಇವನ್ನೆಲ್ಲ ಹೇಳುವಾಗ ಅವರ ದನಿಯೇ ಬೇರೆಯಾಗುತ್ತಿತ್ತು. ನಾನು ನಡುವೆ ಬಾಯಿ ಹಾಕಿದೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ಜೇನುಪೆಟ್ಟಿಗೆಗಳು ಖಾಲಿಯಾದವು. ಆಮೇಲೆ ಕೊಡಗಿನ ಜೇನು ಮೊದಲಿನಂತಾಗಲಿಲ್ಲ. ಕಿತ್ತಳೆಯೂ ರೋಗಕ್ಕೆ ಸೊರಗಿ, ಆ ಜಾಗವನ್ನು ಕಾಫಿ, ಮೆಣಸು ತುಂಬಿಕೊಂಡವು. ಅವರು ಬರಹೊರಟಿದ್ದ ಊರಿನ ಅರ್ಧ ಅವರ ನೆನಪಿನಲ್ಲಷ್ಟೇ ಉಳಿದಿತ್ತು.

ಉಳಿದ ಕಾರಣಗಳು ಈ ಕಾಲದವು. ಬೀದಿ ಅಗೆದ ಧೂಳು, ಬೇಸಿಗೆಯಲ್ಲಿ ನೀರಿನ ಟ್ಯಾಂಕರ್‌ಗೆ ಕಾಯುವುದು, ನಿದ್ದೆ ಬಾರದ ರಾತ್ರಿ, ಕಾರ್ಖಾನೆ ಬಿಟ್ಟ ಮೇಲೆ ತಾನು ಯಾರಿಗೂ ಬೇಡವಾದೆನೆಂಬ ಕೊರಗು. ಈ ಕೊನೆಯದನ್ನು ಅವರು ಹೇಳಲಿಲ್ಲ, ಹೆಂಡತಿ ಹೇಳಿದರು.

ಆಕೆ ಇದ್ದದ್ದು ಇದ್ದಂತೆ ಮಾತಾಡುವವರು. "ನನಗೆ ಬೆಂಗಳೂರಿನ ಮೇಲೆ ಅಂತಹ ಪ್ರೀತಿಯೇನೂ ಇಲ್ಲ. ಬಸ್ಸಿನ ಮೇಲೆ ಇದೆ" ಎಂದರು. ಆಕೆಗೆ ಕಾರು ಓಡಿಸಲು ಬಾರದು. ಶಾಲೆ, ಗ್ರಂಥಾಲಯ, ಅಕ್ಕನ ಮನೆ, ಆಸ್ಪತ್ರೆ ಎಲ್ಲಕ್ಕೂ ಬಸ್ಸಿನಲ್ಲೇ ಓಡಾಡಿದವರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಟಿಕೆಟ್ಟಿನ ಹಂಗೂ ತಪ್ಪಿತ್ತು. ಫೋಟೋದ ಮನೆಗೆ ಬಸ್ಸಿಲ್ಲ. ಕಕ್ಕಬ್ಬೆಯಿಂದ ಮೇಲಕ್ಕೆ ಐದು ಕಿಲೋಮೀಟರ್. ಮೂರು ಕಾಂಕ್ರೀಟ್, ಎರಡು ಮಣ್ಣು.

ಗಂಡನಿಗೆ 2019ರಲ್ಲಿ ಹೃದಯಕ್ಕೆ ಒಂದು ಸ್ಟೆಂಟ್ ಹಾಕಿದ್ದರು. ಆಕೆಗೆ ಮಂಡಿ ನೋವು, ಸಕ್ಕರೆ. ಇದು ಈ ವಯಸ್ಸಿನ ಯಾವ ಮನೆಯಲ್ಲೂ ಇರುವ ಪಟ್ಟಿ, ಅಂಜುವಂತಹದ್ದೇನಲ್ಲ. ಆದರೆ ಬೆಂಗಳೂರಿನ ಮನೆ ಮಾರಿ ಈ ತೋಟ ಕೊಳ್ಳುವುದು ಅವರ ಯೋಜನೆಯಾಗಿತ್ತು. ನನಗೆ ಸರಿಯಲ್ಲ ಅನ್ನಿಸಿದ್ದು ಅದೊಂದೇ. ಪೇಟೆಯ ಮನೆ ಒಮ್ಮೆ ಮಾರಿದರೆ ಅದೇ ಬೀದಿಯಲ್ಲಿ ಅದೇ ದುಡ್ಡಿಗೆ ಮತ್ತೊಂದು ಮನೆ ಸಿಗುವುದಿಲ್ಲ. ತೋಟವೋ, ಮಾರಬೇಕೆಂದ ದಿನ ಮಾರಾಟವಾಗುವ ಸರಕಲ್ಲ.

ಮಾರುವವರ ಕಾರಣ

ನಾನು ಕೇಳಿದ ಮೊದಲ ಪ್ರಶ್ನೆ: "ಮಾರುವವರು ಏಕೆ ಮಾರುತ್ತಿದ್ದಾರೆ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ನೀರು ಎಲ್ಲಿಂದ ಎಂದು ಕೇಳಿದ್ದರು, ಆನೆ ಬರುತ್ತದೆಯೇ ಎಂದು ಕೇಳಿದ್ದರು, ಇದನ್ನು ಕೇಳಿರಲಿಲ್ಲ. ಮುಂದಿನ ವಾರ ಮೂವರೂ ಹೋದೆವು. ಮಾರುವವರಿಗೆ 78, ಅವರ ಹೆಂಡತಿಗೆ 73. ಆ ಮನೆಯಲ್ಲೇ ಹುಟ್ಟಿದವರು. ಕಾಫಿ ಕೊಟ್ಟು, ಜಗಲಿಯಲ್ಲಿ ಕೂರಿಸಿ, ನನ್ನ ಪ್ರಶ್ನೆಗೆ ಉತ್ತರವಾಗಿ ಮೆಟ್ಟಿಲಿನ ಕಡೆ ಕೈ ತೋರಿಸಿದರು. ಅಂಗಳದಿಂದ ರಸ್ತೆಗೆ 31 ಮೆಟ್ಟಿಲು. ಹಿಂದಿನ ಆಗಸ್ಟ್‌ನಲ್ಲಿ ಅವರ ಹೆಂಡತಿ ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಾಗ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತು ಜೀಪಿಗೆ ತಂದರಂತೆ. ನಾಲ್ವರಲ್ಲಿ ಇಬ್ಬರು ಅಸ್ಸಾಂನಿಂದ ಕೆಲಸಕ್ಕೆ ಬಂದ ಹುಡುಗರು. ಅವರೂ ಈಗ ಬೇರೆ ತೋಟಕ್ಕೆ ಹೋಗಿದ್ದಾರೆ. ಮಗ ಮೈಸೂರಿನಲ್ಲಿ ಮೂರನೆಯ ಮಹಡಿಯ ಫ್ಲ್ಯಾಟ್ ಕೊಂಡಿದ್ದಾನೆ, ಲಿಫ್ಟ್ ಇದೆ. "ಇಲ್ಲಿ ಇನ್ನು ಆಗುವುದಿಲ್ಲ" ಎಂದರು, ಅಷ್ಟೆ.

ಬರುವಾಗ ಕಾರಿನಲ್ಲಿ ನಾನು ಹೇಳಿದ್ದು, ಇವರ ವಯಸ್ಸಿಗೂ ನಿಮ್ಮದಕ್ಕೂ ಹದಿನಾಲ್ಕು ವರ್ಷದ ಅಂತರ ಎಂದು. ಅವರು ಇಲ್ಲಿ ಹುಟ್ಟಿದವರು. ಭಾಷೆ ಗೊತ್ತು, ಒಕ್ಕ ಎನ್ನುವ ಮನೆತನದ ಬಳಗ ಇದೆ, ಸುತ್ತ ಮೂರು ತಲೆಮಾರಿನ ನೆರೆಹೊರೆ ಇದೆ. ಅಂತಹವರೇ ಇಳಿದು ಹೋಗುವ ಮೆಟ್ಟಿಲನ್ನು ನೀವು ಈಗ ಹತ್ತುತ್ತಿದ್ದೀರಿ. ಗಂಡನಿಗೆ ಸಿಟ್ಟು ಬಂತು, ನಾಪೋಕ್ಲಿನವರೆಗೂ ಮಾತಾಡಲಿಲ್ಲ.

ಈ ಮಾತು ಹೊರಗಿನವರಿಗೆ ಸುಲಭವಾಗಿ ಕಾಣುವುದಿಲ್ಲ. ಪೇಟೆಯವರು ವಯಸ್ಸಾದ ಮೇಲೆ ಕೊಡಗಿಗೆ ಬರಲು ಹಾತೊರೆಯುತ್ತಾರೆ, ಕೊಡಗಿನ ಎಷ್ಟೋ ಹಿರಿಯರು ವಯಸ್ಸಾದ ಮೇಲೆ ಮೈಸೂರಿಗೆ ಹೋಗುತ್ತಾರೆ. ಒಕ್ಕದ ಹಿರಿಮನೆಗಳಾದ ಐನ್‌ಮನೆಗಳಿಗೆ ಬೀಗ, ಪುತ್ತರಿಗೆ, ಕೈಲ್‌ಪೊಳ್ದ್ ಹಬ್ಬಕ್ಕೆ ತೆರೆಯುತ್ತವೆ. ದಾರಿಯಲ್ಲಿ ಈ ಇಬ್ಬರೂ ಎದುರುಬದುರಾಗುತ್ತಾರೆ, ಒಬ್ಬರನ್ನೊಬ್ಬರು ಮಾತಾಡಿಸುವುದಿಲ್ಲ.

ಪಹಣಿಯಲ್ಲಿ ಹದಿನೆಂಟು ಹೆಸರು

2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದು 79ಎ, 79ಬಿ ಕಲಂಗಳು ಹೋದವು. ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು. ಗಂಡ ಅದನ್ನು ಓದಿಕೊಂಡಿದ್ದರು, ಅಲ್ಲಿಗೆ ಕಾನೂನಿನ ಕೆಲಸ ಮುಗಿಯಿತೆಂದು ತಿಳಿದಿದ್ದರು. ಕೊಡಗಿನಲ್ಲಿ ಅದು ಆರಂಭ ಮಾತ್ರ.

ಮೂರೂವರೆ ಎಕರೆಯಲ್ಲಿ ಒಂದೂಕಾಲು ಎಕರೆಯಷ್ಟೇ ಮಾರುವವರ ಹೆಸರಿನಲ್ಲಿ ನೇರವಾಗಿತ್ತು. ಉಳಿದದ್ದು ಜಮ್ಮಾ ಬಾಣೆ, ಮನೆ ಇರುವುದೂ ಅದರಲ್ಲೇ. ಬಾಣೆಯೆಂದರೆ ಗದ್ದೆಗೆ ಆಸರೆಯಾಗಿ ಮೇವು, ಸೊಪ್ಪು, ಸೌದೆಗೆಂದು ಬಿಟ್ಟಿದ್ದ ಗುಡ್ಡದ ನೆಲ. ರಾಜರ ಕಾಲದಿಂದ ಸೇವೆಗೆ ಪ್ರತಿಯಾಗಿ ಕುಟುಂಬಗಳಿಗೆ ಬಂದದ್ದು. ಕಾಲಾನಂತರ ಅಲ್ಲೆಲ್ಲ ಕಾಫಿ ಎದ್ದಿತು. ದಾಖಲೆಯಲ್ಲಿ ಅದು ಒಬ್ಬನದಲ್ಲ, ಒಕ್ಕದ್ದು. ಒಕ್ಕದ ಮುಖ್ಯಸ್ಥರಾದ ಪಟ್ಟೆದಾರರ ಹೆಸರು ಮೇಲೆ, ಕೆಳಗೆ ಸಾಲಾಗಿ ಉಳಿದವರದು. ಇಲ್ಲಿ ಒಟ್ಟು ಹದಿನೆಂಟು ಹೆಸರು. ಇಬ್ಬರು ವಿದೇಶದಲ್ಲಿ, ಮೂವರು ತೀರಿಕೊಂಡವರು, ಅವರ ವಾರಸುದಾರರ ಹೆಸರು ಇನ್ನೂ ಏರಿಲ್ಲ. ಮನೆಯೊಳಗೆ ಬಾಯಿಮಾತಿನ ಪಾಲಾಗಿ ಅರವತ್ತು ವರ್ಷವಾಗಿದೆ, ಯಾರೂ ತಕರಾರು ಮಾಡಿಲ್ಲ ಎಂದರು ಮಾರುವವರು. ಅವರ ಮಾತಿನಲ್ಲಿ ನನಗೆ ಅನುಮಾನವಿಲ್ಲ. ಆದರೆ ತಕರಾರು ಹುಟ್ಟುವುದೇ ದುಡ್ಡು ಕೈ ಬದಲಾದ ಮೇಲೆ.

ಮರದ ವಿಷಯವೂ ಹೀಗೆಯೇ. ಬಾಣೆಯ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡಿರದಿದ್ದರೆ ಆ ಮರಗಳು ಸರ್ಕಾರದವು. ಇದು ಬಿಡಿಸಿಕೊಳ್ಳದ ಬಾಣೆ. ಫೋಟೋದಲ್ಲಿ ಗಂಡನಿಗೆ ತುಂಬ ಮೆಚ್ಚಿಗೆಯಾಗಿದ್ದ ಬೀಟೆ ಮರ ಅವರದಾಗುತ್ತಿರಲಿಲ್ಲ, ಅದು ಮನೆಯ ಮೇಲೆ ವಾಲಿದರೂ ಅರ್ಜಿ ಹಾಕಿ ಕಾಯಬೇಕು.

ಆದಾಯದ ಲೆಕ್ಕವನ್ನು ಬೇಗ ಮುಗಿಸುತ್ತೇನೆ. ತೋಟದಲ್ಲಿ ಸರಾಸರಿ 60 ಚೀಲ ರೊಬಸ್ಟಾ ಚೆರಿ, ಎಂದರೆ ಸಿಪ್ಪೆಸಹಿತ ಒಣಗಿಸಿದ ಕಾಫಿ ಹಣ್ಣು. ಐವತ್ತು ಕಿಲೋ ಚೀಲಕ್ಕೆ 2024ರಲ್ಲಿ ಹತ್ತು ಸಾವಿರದ ಆಸುಪಾಸಿನ ದರ ಕಂಡು ಗಂಡ ವರ್ಷಕ್ಕೆ ಆರು ಲಕ್ಷ ಎಂದು ಬರೆದಿದ್ದರು. ಸಾಲ ಕೊಡುವಾಗ ನಾವು ಒಳ್ಳೆಯ ವರ್ಷದ ದರ ಹಿಡಿಯುತ್ತಿರಲಿಲ್ಲ. ಕೆಲವೇ ವರ್ಷಗಳ ಹಿಂದೆ ಇದೇ ಚೀಲ ನಾಲ್ಕು ಸಾವಿರಕ್ಕೂ ಕೆಳಗಿತ್ತು. ಆ ದರದಲ್ಲಿ ಕಪಾತು, ಗೊಬ್ಬರ, ಕಳೆ, ಕೊಯ್ಲು ಕಳೆದರೆ ಕೈಗೆ ಉಳಿಯುವುದು ಸಣ್ಣ ಮೊತ್ತ. ಮಾರ್ಚ್‌ನ ಹೂಮಳೆ ತಪ್ಪಿದರೆ ಅದೂ ಇಲ್ಲ. ಕೇಳಿದ ಬೆಲೆ ಒಂದು ಕೋಟಿ ಹದಿನೈದು ಲಕ್ಷ. ಮೂರೂವರೆ ಎಕರೆ ತೋಟ ಬದುಕಿಗೆ ಸೊಗಸು, ಹೊಟ್ಟೆಗೆ ಆಧಾರವಲ್ಲ. ಆಕೆಯ ಪಿಂಚಣಿ ಇದ್ದುದರಿಂದ ಇದು ಪ್ರಾಣದ ಪ್ರಶ್ನೆಯಾಗಲಿಲ್ಲ.

ಮನೆಯಿಂದ ಆಸ್ಪತ್ರೆಗೆ

ನಾನು ಒಂದು ಕೆಲಸ ಹೇಳಿದೆ. ಮನೆಯ ಬಾಗಿಲಿನಿಂದ ಹೊರಟು, ಯಾವ ಅವಸರವೂ ಇಲ್ಲದ ಜನವರಿಯ ಬೆಳಗ್ಗೆ, ಗಡಿಯಾರ ನೋಡುತ್ತ ಮೈಸೂರಿನ ಹೃದಯ ಆಸ್ಪತ್ರೆಯ ಗೇಟಿನವರೆಗೆ ಹೋಗಿ ಬನ್ನಿ. ಹೋಗಿ ಬಂದರು. ಮೆಟ್ಟಿಲು ಮತ್ತು ಕಚ್ಚಾ ರಸ್ತೆ ಸೇರಿ ಕಕ್ಕಬ್ಬೆಗೆ 30 ನಿಮಿಷ. ಅಲ್ಲಿಂದ ಮಡಿಕೇರಿ ನಲವತ್ತು ಕಿಲೋಮೀಟರಿನ ಹತ್ತಿರ, ತಿರುವುಗಳಲ್ಲಿ ಒಂದೂಕಾಲು ಗಂಟೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಎರಡೂಮುಕ್ಕಾಲು ಗಂಟೆ. ಒಟ್ಟು ನಾಲ್ಕೂವರೆ. ಪಾರ್ಶ್ವವಾಯು ಬಡಿದವರಿಗೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ಕೊಡಲು ವೈದ್ಯರು ಹೇಳುವ ಮಿತಿಯೂ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೇ. ಅದು ಸ್ಕ್ಯಾನ್ ಆಗಿ, ಇದು ರಕ್ತಸ್ರಾವವಲ್ಲ ಎಂದು ಖಚಿತವಾದ ಮೇಲೆ.

ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಮೊದಲ ಚಿಕಿತ್ಸೆಗೆ ಮೈಸೂರಿಗೇ ಓಡಬೇಕೆಂದಿಲ್ಲ. ಇದನ್ನೂ ಹೇಳಿದೆ, ಏಕೆಂದರೆ ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ಜಿಲ್ಲೆಗೆ ರೈಲಿಲ್ಲ. ಸಂಪಾಜೆ ಘಾಟಿ ಬಂದ್ ಆದರೆ ಮಂಗಳೂರಿನ ದಾರಿಯೂ ಇಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡ ಜರಿದು ಆ ಹೆದ್ದಾರಿ ಹರಿದುಹೋದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ನಾಪೋಕ್ಲಿನಿಂದ ಮೂರ್ನಾಡಿಗೆ ಬರುವ ರಸ್ತೆಯಲ್ಲಿ ಬೊಳಿಬಾಣೆಯ ಬಳಿ ಕಾವೇರಿ ನೀರು ಏರುವುದು ಇಲ್ಲಿನವರಿಗೆ ಸುದ್ದಿಯೇ ಅಲ್ಲ. ಜನವರಿಯ ನಾಲ್ಕೂವರೆ ಗಂಟೆ ಜುಲೈಯಲ್ಲಿ ಎಷ್ಟಾಗುತ್ತದೆ ಎಂಬುದನ್ನು ಗಡಿಯಾರ ಹೇಳುವುದಿಲ್ಲ. ಮಗಳು ಫೋನಿನಲ್ಲಿ ತನ್ನದೇ ಲೆಕ್ಕ ಹೇಳಿದ್ದಳು: ಪುಣೆಯಿಂದ ಬೆಂಗಳೂರಿನ ಮನೆಗೆ ಆರು ಗಂಟೆ, ಕಕ್ಕಬ್ಬೆಯ ಮೇಲಿನ ಮನೆಗೆ ಹದಿನಾಲ್ಕು.

ಹಾಗಾದರೆ ಬೇಡವೇ ಎಂದು ಗಂಡ ಕೇಳಿದರು. ಬೇಡವೆಂದು ನಾನು ಹೇಳಲಿಲ್ಲ. ಬಾಡಿಗೆಗೆ ಕೇಳಿ ಎಂದೆ. ಕಾಗದ ಸರಿಹೋಗುವವರೆಗೆ ಮನೆ ಖಾಲಿ ಬೀಳುತ್ತದೆ, ಮಳೆಗಾಲದಲ್ಲಿ ಬೆಂಕಿ ಕಾಣದ ಮನೆ ಬೇಗ ಹಾಳಾಗುತ್ತದೆ, ಮಾರುವವರಿಗೂ ಬೇಕಾದದ್ದೇ. ಒಪ್ಪಿದರು. ತಿಂಗಳಿಗೆ ಒಂಬತ್ತು ಸಾವಿರ, 2024ರ ಮೇ 20ರಿಂದ ಅಕ್ಟೋಬರ್ ಕೊನೆಯವರೆಗೆ.

ಮಳೆಗಾಲ

ಹಿರಿಯರು ಮೈಸೂರಿಗೆ ಹೋಗುವಾಗ ಬಿಟ್ಟುಹೋದದ್ದು ಒಂದು ಮಳೆಮಾಪಕ, ಕಪಾಟಿನ ತುಂಬ ನೋಟ್‌ಬುಕ್. 1983ರಿಂದ ಪ್ರತಿದಿನ ಬೆಳಗ್ಗೆ ಎಂಟಕ್ಕೆ ಅಳೆದು ಬರೆದ ಮಳೆ, ಇಂಚಿನಲ್ಲಿ. ಸರ್ಕಾರ ಮಿಲಿಮೀಟರ್ ಎಂದರೂ ಕೊಡಗಿನ ತೋಟಗಾರ ಇಂಚಿನಲ್ಲೇ ಮಾತಾಡುತ್ತಾನೆ. ಕುಶಾಲನಗರದ ಕಡೆ ವರ್ಷಕ್ಕೆ ನಲವತ್ತು ಇಂಚು ಬಿದ್ದರೆ ಭಾಗಮಂಡಲದ ಕಡೆ ಇನ್ನೂರು ದಾಟುವುದುಂಟು. ಕೊಡಗಿಗೆ ಹೋಗಿ ನೆಲೆಸುತ್ತೇನೆ ಎನ್ನುವವರು ಯಾವ ಕೊಡಗಿಗೆ ಎಂದು ಮೊದಲು ಹೇಳಬೇಕು. ಮಳೆ ಅಳೆಯುವ ಕೆಲಸವನ್ನು ಹೆಂಡತಿ ವಹಿಸಿಕೊಂಡರು. ಮೂವತ್ತು ವರ್ಷ ಹಾಜರಿ ಪುಸ್ತಕ ತುಂಬಿದ ಕೈ.

ಜೂನ್‌ಗೆ ಮೊದಲು ಮಾಡಿಕೊಂಡ ಸಿದ್ಧತೆಯನ್ನು ನೋಡಿ ನಾನೇ ಮೆಚ್ಚಿದೆ. ಎರಡು ಜೀಪು ಸೌದೆ, ಮೂರು ಸಿಲಿಂಡರ್, ಗಾಳಿ ಹೊಡೆಯುವ ಕಡೆಯ ಜಗಲಿಗೆ ಟಾರ್ಪಾಲು, ಇನ್ವರ್ಟರ್, ಮೂರು ತಿಂಗಳ ಮಾತ್ರೆ, ಒಂದು ಬ್ಯಾಟರಿ ರೇಡಿಯೊ. ಮರೆತದ್ದು ಪುಸ್ತಕ. ಬೆಂಗಳೂರಿನಿಂದ ಆಕೆ ತಂದಿದ್ದ ಇನ್ನೂರು ಪುಸ್ತಕಗಳಿಗೆ ಜುಲೈ ಮೊದಲ ವಾರದಲ್ಲಿ ಬೂಷ್ಟು ಹತ್ತಿತು. ಅಗ್ಗಿಷ್ಟಿಕೆಯ ಮೇಲಿನ ಅಟ್ಟದಲ್ಲಿ, ಬೇರೆಯವರ ಮನೆಯಲ್ಲಿ ಮೀನು ಒಣಗಿಸುವ ಜಾಗದಲ್ಲಿ, ಹಳಗನ್ನಡ ಕಾವ್ಯಗಳು ಸಾಲಾಗಿ ಹೊಗೆ ಕುಡಿದವು.

ಅವರ ಟಿಪ್ಪಣಿಯ ಪ್ರಕಾರ ಜುಲೈಯಲ್ಲಿ ಪೂರ್ತಿ ದಿನ ಕರೆಂಟ್ ಇಲ್ಲದ್ದು ಹದಿಮೂರು ದಿನ. ಮೊಬೈಲ್ ಸಿಗ್ನಲ್ ಇಲ್ಲದ್ದೂ ಹೆಚ್ಚುಕಡಿಮೆ ಅಷ್ಟೇ; ಟವರಿಗೂ ಕರೆಂಟ್ ಬೇಕಲ್ಲ. ಮರ ಬಿದ್ದು ರಸ್ತೆ ಮುಚ್ಚಿದ್ದು ನಾಲ್ಕು ಬಾರಿ. ಆಕೆ ಅಂಗಳ ದಾಟದೆ ಉಳಿದದ್ದು ಹದಿನೇಳು ದಿನ. ಒಂದೇ ದಿನ ಆರು ಇಂಚು ಬಿದ್ದ ದಿನದ ಮುಂದೆ ಆಕೆ ಬರೆದದ್ದು ಒಂದೇ ಸಾಲು: "ಕೊಲ್ಲಿಯ ಸದ್ದಿನಲ್ಲಿ ಅವರು ಕರೆದದ್ದು ಕೇಳಿಸಲಿಲ್ಲ."

ಕೊಲ್ಲಿಯೆಂದರೆ ಇಲ್ಲಿ ಗುಡ್ಡದ ಹಳ್ಳ. ಆ ಕರೆದದ್ದರ ಕಥೆ ಹೀಗೆ. ರಾತ್ರಿ ಹತ್ತೂವರೆಗೆ ಗಂಡನಿಗೆ ಎದೆಯಲ್ಲಿ ಬಿಗಿತ, ಬೆವರು. ಆಕೆಗೆ ಕಾರು ಬಾರದು. 108ಕ್ಕೆ ಕರೆ ಮಾಡಲು ಸಿಗ್ನಲ್ ಇಲ್ಲ. ಟಾರ್ಚ್ ಹಿಡಿದು, ಕಾಲಿಗೆ ಹತ್ತಿದ ಜಿಗಣೆಯನ್ನೂ ನೋಡದೆ, ಆ ಮಂಡಿಯಲ್ಲಿ 31 ಮೆಟ್ಟಿಲು ಇಳಿದು ಕೆಳಗಿನ ಮನೆಗೆ ಹೋದರು. ಆ ಮನೆಯವರು ಐವತ್ತೆಂಟರ ಆಸಾಮಿ, ಜೀಪು ತೆಗೆದರು. ಅರ್ಧ ಕಿಲೋಮೀಟರಿಗೆ ದಾರಿಗಡ್ಡ ಮರ. ಅವರು ಹಾರ್ನ್ ಬಾರಿಸಿದರು, ಮೂರು ಮನೆಗಳಿಂದ ಐದು ಜನ ಬಂದರು, ಒಬ್ಬರ ಕೈಯಲ್ಲಿ ಮರ ಕುಯ್ಯುವ ಯಂತ್ರ. ಮಳೆಯಲ್ಲಿ ನಲವತ್ತು ನಿಮಿಷದಲ್ಲಿ ದಾರಿ ಬಿಡಿಸಿದರು. ಆಸ್ಪತ್ರೆ ತಲುಪಿದಾಗ ರಾತ್ರಿ ಒಂದೂವರೆ. ಇಸಿಜಿ ಸರಿಯಿತ್ತು, ವಾಯು ಎಂದರು, ಬೆಳಗ್ಗೆಯವರೆಗೆ ಇರಿಸಿಕೊಂಡು ಕಳಿಸಿದರು.

ಇದನ್ನು ಗಂಡ ಹೇಳುವುದೇ ಬೇರೆ, ಹೆಂಡತಿ ಹೇಳುವುದೇ ಬೇರೆ. ಬೆಂಗಳೂರಿನ ನಮ್ಮ ಬೀದಿಯಲ್ಲಿ ರಾತ್ರಿ ಹನ್ನೊಂದಕ್ಕೆ ಯಾರಿಗಾಗಿಯೋ ಐದು ಜನ ಎದ್ದು ಬರುತ್ತಾರೆಯೇ ಎಂದು ಅವರು. ಬರುತ್ತಿರಲಿಲ್ಲ, ಬರಬೇಕಾಗಿಯೂ ಇರಲಿಲ್ಲ ಎಂದು ಆಕೆ. ಎರಡೂ ನಿಜ. ನನ್ನನ್ನು ಕಾಡಿದ್ದು ಮೂರನೆಯ ಮಾತು. ಯಂತ್ರ ಹಿಡಿದು ಬಂದವರಿಗೆ ಅರವತ್ತೆರಡು, ಜೀಪಿನವರಿಗೆ ಐವತ್ತೆಂಟು. ಎಲ್ಲರ ಮಕ್ಕಳೂ ಬೆಂಗಳೂರಿನಲ್ಲಿ, ಮೈಸೂರಿನಲ್ಲಿ. ಆ ಗುಡ್ಡದ ಆಂಬ್ಯುಲೆನ್ಸ್ ಎಂದರೆ ಈ ಐದು ಜನ. ಇವರಿಗೆ ವಯಸ್ಸಾಗುವುದು ಈ ದಂಪತಿಯ ಜೊತೆಜೊತೆಗೇ.

ಜುಲೈ 30ರ ಬೆಳಗ್ಗೆ ರೇಡಿಯೊದಲ್ಲಿ ವಯನಾಡಿನ ಸುದ್ದಿ ಬಂತು. ಮುಂಡಕ್ಕೈ, ಚೂರಲ್‌ಮಲ. ಗಡಿಯಾಚೆಯ ಜಿಲ್ಲೆ, ಇದೇ ಘಟ್ಟದ ಸಾಲು, ಇದೇ ಮಳೆ. ಸತ್ತವರ ಸಂಖ್ಯೆ ದಿನದಿನಕ್ಕೆ ಏರಿ ಇನ್ನೂರು ದಾಟಿತು. ಮಗಳು ಎರಡು ದಿನ ಫೋನ್ ಹತ್ತದೆ, ಕೊನೆಗೆ ನನಗೆ ಕರೆ ಮಾಡಿ ಅತ್ತಳು. ಅಡುಗೆಮನೆಯ ಹಿಂದೆ ಗುಡ್ಡ ಕಡಿದು ಮಾಡಿದ ಗೋಡೆಯಂತಹ ಬರೆ ಇತ್ತು, ಹದಿನಾಲ್ಕು ಅಡಿ ನೆಟ್ಟಗೆ. ಮೊದಲ ದಿನವೇ ನಾನು ಅದನ್ನು ತೋರಿಸಿದ್ದೆ. 2018ರ ಕುಸಿತಗಳ ನಂತರ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಹೇಳಿದ್ದರಲ್ಲಿ ಮುಖ್ಯವಾದದ್ದು, ವಿಪರೀತ ಮಳೆಯ ಜೊತೆಗೆ ಇಳಿಜಾರನ್ನು ಮನಬಂದಂತೆ ಕಡಿದದ್ದೂ ಕಾರಣ ಎಂಬುದು. ಬರೆಯ ಮೇಲಿನ ಅಂಚಿನಲ್ಲಿ ಬೆರಳಗಲದ ಬಿರುಕು ಕಾಣಿಸಿತ್ತು. ಅದಕ್ಕೆ ಟಾರ್ಪಾಲು ಹೊದಿಸಿ, ಒಂಬತ್ತು ರಾತ್ರಿ ಮುಂದಿನ ಕೋಣೆಯಲ್ಲಿ ಮಲಗಿದರು. ಬರೆ ಜರಿಯಲಿಲ್ಲ. ಜರಿಯದ್ದನ್ನು ಪುರಾವೆ ಎಂದು ನಾನು ತೆಗೆದುಕೊಳ್ಳುವುದಿಲ್ಲ.

ಇಷ್ಟನ್ನೇ ಬರೆದರೆ ಪ್ರಕರಣಕ್ಕೆ ಅನ್ಯಾಯವಾಗುತ್ತದೆ. ಅದೇ ಟಿಪ್ಪಣಿಯಲ್ಲಿ ಬೇರೆ ಪುಟಗಳಿವೆ. ಗಂಡ ರಾತ್ರಿ ಏಳು ಗಂಟೆ ನಿದ್ದೆ ಮಾಡುತ್ತಿದ್ದರು. ಬೆಳಗಿನ ಜಾವ ಸಿಳ್ಳೆಗಾರ ಹಕ್ಕಿ ಹಾಡುವಾಗ ಇಬ್ಬರೂ ಮಾತಾಡದೆ ಕೇಳುತ್ತಿದ್ದರು. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ಇಬ್ಬರೂ ಒಂದೇ ಹೊತ್ತಿಗೆ ಎಚ್ಚರವಾಗಿ ಸುಮ್ಮನೆ ಕೂತದ್ದು ಇಲ್ಲೇ ಎಂದು ಆಕೆಯ ಟಿಪ್ಪಣಿ. ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು, ಎಂದರೆ ಆಗಸ್ಟ್ 3ರಂದು, ನೆರೆಮನೆಯವರು ಮದ್ದು ಸೊಪ್ಪಿನ ನೇರಳೆ ಬಣ್ಣದ ಪಾಯಸ ತಂದುಕೊಟ್ಟು, ಮರುದಿನ ಮೂತ್ರದ ಬಣ್ಣ ಕಂಡು ಹೆದರಬೇಡಿ ಎಂದು ಮೊದಲೇ ಹೇಳಿ ನಕ್ಕರು. ತಿಂಗಳ ಖರ್ಚು ಬೆಂಗಳೂರಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

ಮತ್ತೊಂದು, ಯಾರೂ ಎಣಿಸದೆ ಬಂದದ್ದು. ಮಳೆ ಜೋರಾದರೆ ಜಿಲ್ಲಾಡಳಿತ ಶಾಲೆಗಳಿಗೆ ರಜೆ ಕೊಡುತ್ತದೆ. ಆ ಮಳೆ ರಜೆಗಳಲ್ಲಿ ಕೆಳಗಿನ ಮನೆಯ ಮೊಮ್ಮಗಳು, ತೋಟದ ಕೆಲಸದವರು ಇರುವ ಲೈನ್‌ಮನೆಯ ಇಬ್ಬರು ಹುಡುಗರು ಜಗಲಿಗೆ ಬರತೊಡಗಿದರು. ಲೈನ್‌ಮನೆಯ ಹುಡುಗರ ಮನೆಮಾತು ಅಸ್ಸಾಮಿ, ಶಾಲೆಯದು ಕನ್ನಡ, ಆಟದ ಬಯಲಿನದು ಮಲಯಾಳ ಮತ್ತು ಕೊಡವರ ಭಾಷೆಯಾದ ಕೊಡವ ತಕ್ಕ್. ಆಕೆ ಅವರಿಗೆ ಒತ್ತಕ್ಷರ ಕಲಿಸಿದರು, ಅವರಿಂದ ತಕ್ಕ್ ಕಲಿತರು. ಗಂಡನಿಗೆ ಅಂತಹದ್ದು ಒದಗಲಿಲ್ಲ. ಗ್ಯಾಸ್, ಡೀಸೆಲ್, ಕೊಲ್ಲಿಯಿಂದ ಬರುವ ಪೈಪಿನ ಕಸ, ಕೆಲಸದಾಳಿಗೆ ಫೋನ್. "ಇಲ್ಲಿ ಬದುಕುವುದೇ ಒಂದು ಉದ್ಯೋಗ" ಎಂದರು ಒಮ್ಮೆ. ದೂರೋ, ಸಂತೋಷವೋ ಗೊತ್ತಾಗಲಿಲ್ಲ.

ಊರವರ ವಿಷಯದಲ್ಲಿ ಒಂದು ಮಾತು. ಕೊಡಗಿನಲ್ಲಿ ಅತಿಥಿಗೆ ಕೊರತೆಯಿಲ್ಲ. ಆದರೆ ಹಬ್ಬ, ಪಿತೃಗಳ ಗುಡಿಯಾದ ಕೈಮಡ, ಸಾವು ಎಲ್ಲವೂ ಒಕ್ಕದ ಸುತ್ತ ನಡೆಯುತ್ತವೆ. ಹೊರಗಿನವರನ್ನು ಪ್ರೀತಿಯಿಂದ ಕರೆಯುತ್ತಾರೆ, ಮುಂದಿನ ಕುರ್ಚಿಯಲ್ಲಿ ಕೂರಿಸುತ್ತಾರೆ. ಮುಂದಿನ ಕುರ್ಚಿ ಊರವರಿಗೆ ಕೊಡುವುದಲ್ಲ. ನಾನು ಈ ಜಿಲ್ಲೆಯಲ್ಲಿ ಮೂವತ್ತು ವರ್ಷದಿಂದ ಇದ್ದೇನೆ, ಈಗಲೂ ನನಗೆ ಮುಂದಿನ ಕುರ್ಚಿಯೇ.

ಎರಡು ಚೀಟಿ

ನವೆಂಬರ್‌ನಲ್ಲಿ ಇಬ್ಬರೂ ನಮ್ಮ ಮನೆಗೆ ಬಂದರು. ಗಂಡ ಲಾಭನಷ್ಟದ ಎರಡು ಪಟ್ಟಿ ಬರೆದು ತಂದಿದ್ದರು, ಎರಡರಲ್ಲೂ ಹನ್ನೊಂದೇ ಅಂಶ. ಅಂತಹ ಪಟ್ಟಿಯಲ್ಲಿ ನನಗೆ ನಂಬಿಕೆಯಿಲ್ಲ. ಹಕ್ಕಿಯ ಹಾಡೂ ಒಂದು ಅಂಶ, ಮುಚ್ಚಿದ ರಸ್ತೆಯೂ ಒಂದು ಅಂಶ ಎಂದು ಎಣಿಸಿದರೆ ಎರಡೂ ಸಮವಾಗಿಬಿಡುತ್ತವೆ. ಪಟ್ಟಿ ಪಕ್ಕಕ್ಕಿಟ್ಟು ಇಬ್ಬರಿಗೂ ಒಂದೊಂದು ಚೀಟಿ ಕೊಟ್ಟೆ. ಪ್ರಶ್ನೆ ಒಂದೇ: ನೀವೊಬ್ಬರೇ ಉಳಿದರೆ ಆ ಮನೆಯಲ್ಲಿ ಇರುತ್ತೀರಾ? ಒಬ್ಬರದನ್ನೊಬ್ಬರು ನೋಡದೆ ಬರೆಯಿರಿ.

ಕೇಳಬಾರದ ಪ್ರಶ್ನೆಯೆಂದು ನನ್ನ ಹೆಂಡತಿ ಆಮೇಲೆ ಗದರಿದಳು. ಆದರೆ ಮನೆ ಕೊಳ್ಳುವಾಗ ಇಬ್ಬರಿದ್ದರೂ ಕೊನೆಯ ಹತ್ತು ವರ್ಷ ಆ ಮನೆಯಲ್ಲಿ ದೀಪ ಹಚ್ಚುವವರು ಒಬ್ಬರೇ ಇರಬಹುದು, ನಾನು ಸಾಲ ಕೊಟ್ಟ ಎಷ್ಟೋ ತೋಟಗಳಲ್ಲಿ ಅದು ಹೆಂಗಸೇ ಆಗಿತ್ತು. ಯೋಜನೆ ಹಾಕಿದವರು ಗಂಡಸರು, ಜೀಪು ಓಡಿಸುತ್ತಿದ್ದವರೂ ಅವರೇ.

ಗಂಡನ ಚೀಟಿಯಲ್ಲಿ "ಇರುತ್ತೇನೆ" ಎಂದಿತ್ತು. ಆಕೆಯ ಚೀಟಿಯಲ್ಲಿ "ಬಸ್ಸಿದ್ದರೆ" ಎಂದಿತ್ತು.

ಗಂಡ ಆ ಚೀಟಿಯನ್ನು ಬಹಳ ಹೊತ್ತು ನೋಡಿದರು. ಅವರು ಕಾದಿದ್ದದ್ದು "ಇಲ್ಲ" ಎಂಬ ಉತ್ತರಕ್ಕೆ. ಆಕೆಗೆ ಊರು ಬೇಡವಾಗಿರಲಿಲ್ಲ, ಆ ಗುಡ್ಡದ ಮೇಲಿನ ಐದು ಕಿಲೋಮೀಟರ್ ಬೇಡವಾಗಿತ್ತು. ಒಂದು ವರ್ಷದಿಂದ ಇಬ್ಬರೂ ಬೆಂಗಳೂರೋ ಕೊಡಗೋ ಎಂದು ಜಗಳವಾಡಿದ್ದರು, ನಾನೂ ಅದೇ ಪ್ರಶ್ನೆಯ ಸುತ್ತ ಲೆಕ್ಕ ಹಾಕಿದ್ದೆ. ಡಿಸೆಂಬರ್‌ನಲ್ಲೇ ಆಕೆ ಬಸ್ಸಿನ ಮಾತು ಹೇಳಿದ್ದರು. ನಾನು ಅದನ್ನು ತಮಾಷೆಯೆಂದು ಬಿಟ್ಟಿದ್ದೆ. ಈ ಪ್ರಕರಣದಲ್ಲಿ ನನ್ನ ತಪ್ಪು ಅದು.

ಈಗಿನ ಸ್ಥಿತಿ

2025ರ ಫೆಬ್ರವರಿಯಿಂದ ಅವರು ನಾಪೋಕ್ಲು ಮತ್ತು ಕಕ್ಕಬ್ಬೆಯ ನಡುವೆ, ಬಸ್ ನಿಲ್ಲುವ ಜಾಗದಿಂದ ಇನ್ನೂರು ಹೆಜ್ಜೆ ದೂರದ ಮನೆಯಲ್ಲಿದ್ದಾರೆ. ಗದ್ದೆಯ ಬದಿಯ ತಿಟ್ಟಿನ ಮೇಲೆ ಎರಡು ಕೋಣೆ, ಹಿಂದೆ ಬರೆ ಇಲ್ಲ, 2018 ಮತ್ತು 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಮೂರು ಮನೆಗಳಲ್ಲಿ ಕೇಳಿಯೇ ಒಪ್ಪಿಕೊಂಡದ್ದು. ಹನ್ನೊಂದು ತಿಂಗಳ ಕರಾರು, ಆಮೇಲೆ ಮುಂದುವರಿಸುವ ಮಾತಾಗಿದೆ. ಬೆಂಗಳೂರಿನ ಮನೆ ಮಾರಿಲ್ಲ. ಮೇಲಿನ ಮಹಡಿ ಬಾಡಿಗೆಗೆ, ಕೆಳಗಿನ ಒಂದು ಕೋಣೆಗೆ ಅವರದೇ ಬೀಗ. ಮೂರು ತಿಂಗಳಿಗೊಮ್ಮೆ ಹೃದಯದ ತಪಾಸಣೆಗೆ ಮೈಸೂರು. ಮೇಲಿನ ಮನೆಗಿಂತ ಆಸ್ಪತ್ರೆಗೆ ಅರ್ಧ ಗಂಟೆಯಷ್ಟೇ ಹತ್ತಿರ, ಆದರೆ ಆ ಅರ್ಧ ಗಂಟೆಯಲ್ಲೇ ಮೆಟ್ಟಿಲು, ಮಣ್ಣಿನ ರಸ್ತೆ, ಬೀಳುವ ಮರ ಎಲ್ಲವೂ ಇದ್ದವು.

ನೋಟ ಇಲ್ಲ ಎಂಬುದು ಗಂಡನ ಕೊರಗು. ಅಲ್ಲಿಂದ ತಡಿಯಂಡಮೋಳ್ ಬೆಟ್ಟ ಕಾಣುತ್ತಿತ್ತು, ಇಲ್ಲಿಂದ ಎದುರು ಮನೆಯ ಬಾಳೆಗಿಡ. ಮೇಲಿನ ಮನೆಯ ಆಸೆಯನ್ನು ಅವರು ಪೂರ್ತಿ ಬಿಟ್ಟಿಲ್ಲ. ಹದಿನೆಂಟರಲ್ಲಿ ಹನ್ನೊಂದು ಸಹಿ ಆಗಿವೆ ಎಂದು ಮೊನ್ನೆ ಹೇಳಿದರು. ಹದಿನೆಂಟೂ ಆಗಲಿ, ನನ್ನ ಅಭಿಪ್ರಾಯ ಬದಲಾಗುವುದಿಲ್ಲ ಎಂದೆ. ಆಕೆ ಕಾರು ಕಲಿಯುತ್ತಿದ್ದಾರೆ. ಲೈಸೆನ್ಸ್ ಪರೀಕ್ಷೆಯಲ್ಲಿ ಒಮ್ಮೆ ನಪಾಸಾದರು, ಗುಡ್ಡದಲ್ಲಿ ನಿಲ್ಲಿಸಿ ಹೊರಡುವಾಗ ಗಾಡಿ ಹಿಂದಕ್ಕೆ ಜಾರಿತಂತೆ. ಮಳೆ ರಜೆಯ ಮಕ್ಕಳಲ್ಲಿ ಕೆಳಗಿನ ಮನೆಯ ಮೊಮ್ಮಗಳು ಮಾತ್ರ ಈಗಲೂ ಬಸ್ಸು ಹಿಡಿದು ಬರುತ್ತಾಳೆ; ಲೈನ್‌ಮನೆಯ ಹುಡುಗರ ಸಂಸಾರ ಬೇರೆ ತೋಟಕ್ಕೆ ಹೋಯಿತು.

ಮಳೆಮಾಪಕವನ್ನು ಹಿರಿಯರು ಆಕೆಗೇ ಕೊಟ್ಟುಬಿಟ್ಟಿದ್ದಾರೆ. ಈ ಜುಲೈಯಲ್ಲಿ ಪ್ರತಿ ಭಾನುವಾರ ಮೈಸೂರಿನ ಮೂರನೆಯ ಮಹಡಿಯಿಂದ ಫೋನ್ ಬರುತ್ತದೆ. ಕ್ಷೇಮ ಸಮಾಚಾರ ಆಮೇಲೆ, ಮೊದಲು ಎಷ್ಟು ಇಂಚು ಎಂಬ ಪ್ರಶ್ನೆ. ಆಕೆ ವಾರದ ಏಳು ಅಂಕಿ ಓದುತ್ತಾರೆ, ಅವರು ಆ ಕಡೆ ಬರೆದುಕೊಳ್ಳುತ್ತಾರೆ. ಆದರೆ ಗುಡ್ಡದ ಮೇಲಿನ ಮಳೆಗೂ ಗದ್ದೆಯ ಬದಿಯ ಮಳೆಗೂ ವ್ಯತ್ಯಾಸವಿದೆಯೆಂದು ಹಿರಿಯರ ತಕರಾರು. ಹಳೆಯ ಲೆಕ್ಕದ ಜೊತೆ ಸೇರಿಸದೆ, "ಕೆಳಗಿನ ಮಳೆ" ಎಂದು ಬೇರೆ ನೋಟ್‌ಬುಕ್ ಮಾಡಿದ್ದಾರಂತೆ.